ಸನ್‌ಸ್ಕ್ರೀನ್‌ನ ನ್ಯಾನೊ ಕಣ: ಅಳೆದದ್ದು ಗಂಟೋ, ರವೆಯೋ?

ಮುಂಬೈ ಮಾಟುಂಗಾದ ನಮ್ಮ ಮನೆಯಲ್ಲಿ ಉಪ್ಪಿಟ್ಟು ಗಂಟು ಕಟ್ಟಿದರೆ ಅಮ್ಮನಿಗೆ ಸಿಟ್ಟು. ರವೆ ಸಣ್ಣದೇ, ಗಂಟು ಮಾತ್ರ ನೆಲ್ಲಿಕಾಯಿ ಗಾತ್ರ. ಸನ್‌ಸ್ಕ್ರೀನ್‌ನ ನ್ಯಾನೊ ಕಣ ಅಳೆಯುವಾಗಲೂ ಇದೇ ತಕರಾರು. ಮಷೀನು ಒಂದು ಅಂಕಿ ಕೊಡುತ್ತದೆ. ಅದು ರವೆಯದೋ ಗಂಟಿನದೋ ಅಂತ ಹೇಳುವುದಿಲ್ಲ.

ನಾನೂ ಏಮಾರಿದ್ದೇನೆ. ಒಮ್ಮೆ ಟ್ಯೂಬನ್ನು ಹಾಗೇ ಒಂದು ಲ್ಯಾಬಿಗೆ ಕೊಟ್ಟೆ. ಅವರು ಕ್ರೀಮನ್ನು ನೀರಿಗೆ ಹಾಕಿ, ಅಲ್ಲಾಡಿಸಿ, ಸಾವಿರ ನ್ಯಾನೊಮೀಟರ್ ದಾಟಿದೆ, ನ್ಯಾನೊ ಇಲ್ಲ ಅಂತ ರಿಪೋರ್ಟ್ ಬರೆದರು. (ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಕಣ ನೂರು ನ್ಯಾನೊಮೀಟರ್ ಒಳಗಿದ್ದರೆ ನ್ಯಾನೊ.) ಅಳೆದದ್ದು ಎಣ್ಣೆ ಹನಿಗಳನ್ನು!

ಹಾಗಾಗಿ ಮೊದಲು ಟ್ಯೂಬಿನ ಹಿಂಬದಿ ಓದಿ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇದೆಯಾ ನೋಡಿ. ಮುಖ ಸುಣ್ಣ ಬಳಿದ ಹಾಗೆ ಕಾಣಬಾರದು ಅಂತಲೇ ಇವನ್ನು ಅಷ್ಟು ಸಣ್ಣ ಮಾಡುವುದು. ಯುರೋಪಿನಲ್ಲಿ ಮಾರುವ ಟ್ಯೂಬಾದರೆ 2013ರಿಂದ ಹೆಸರಿನ ಪಕ್ಕ ಕಂಸದಲ್ಲಿ ‘ನ್ಯಾನೊ’ ಅಂತ ಹಾಕಲೇಬೇಕು.

ಆಮೇಲೆ ಎಣ್ಣೆ ತೆಗೆಯಬೇಕು. ಅರ್ಧ ಕೆಲಸ ಇದೇ. ಲ್ಯಾಬಿನಲ್ಲಿ, ಹೊಗೆ ಎಳೆಯುವ ಕಪಾಟಿನೊಳಗೆ, ಚಿಟಿಕೆ ಕ್ರೀಮಿಗೆ ಎಣ್ಣೆ ಕರಗಿಸುವ ಹೆಕ್ಸೇನ್ ಹಾಕಿ ಅಲ್ಲಾಡಿಸಿ, ಕಣಗಳು ತಳಕ್ಕಿಳಿಯುವ ಹಾಗೆ ಸೆಂಟ್ರಿಫ್ಯೂಜ್‌ನಲ್ಲಿ ಗರಗರ ತಿರುಗಿಸಿ, ಮೇಲಿನದ್ದು ಚೆಲ್ಲಿ. ಎರಡು ಮೂರು ಸಲ ಹೀಗೆ ಮಾಡಿ, ಕೊನೆಗೆ ಎಥನಾಲ್‌ನಲ್ಲಿ ತೊಳೆಯಿರಿ. ಕುಲುಮೆಯಲ್ಲಿ ಸುಟ್ಟರೆ ಬೇಗ ಆಗುತ್ತಲ್ವಾ ಅನ್ನಬೇಡಿ. ಸುಟ್ಟರೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಜೊತೆಗೆ ಕ್ರೀಮಿನ ಸಿಲಿಕೋನ್ ಸುಟ್ಟು ಸಿಲಿಕಾ ಆಗಿ ಹೊಸ ಕಣ ಹುಟ್ಟಿಸುತ್ತದೆ. ತಳದ ಬಿಳಿ ಪುಡಿಗೆ ನೀರು, ಸ್ವಲ್ಪ ಸರ್ಫ್ಯಾಕ್ಟಂಟ್ (ಸೋಪಿನಂಥದ್ದು) ಸೇರಿಸಿ, ಐಸಿನಲ್ಲಿಟ್ಟು ಸೋನಿಕೇಟರ್, ಅಂದರೆ ಶಬ್ದದ ಅಲೆಯಿಂದ ಅಲುಗಿಸುವ ಉಪಕರಣ, ಹಿಡಿಯಿರಿ. ಗಂಟು ಒಡೆಯುವ ಸೌಟು ಅಂದರೆ ಇದೇ.

ಈಗ ಡಿಎಲ್‌ಎಸ್. ದ್ರವದೊಳಗೆ ಲೇಸರ್ ಬಿಟ್ಟು ಕಣಗಳು ಎಷ್ಟು ಚುರುಕಾಗಿ ತಡಬಡಿಸುತ್ತವೆ ಅಂತ ನೋಡುವ ವಿಧಾನ. ಸಣ್ಣದು ಜೋರಾಗಿ ಓಡಾಡುತ್ತದೆ, ದೊಡ್ಡದು ನಿಧಾನ. ಸುಲಭ, ಕೆಲವೇ ನಿಮಿಷ. ಆದರೆ ಚದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಏರುತ್ತದೆ. 100 ನ್ಯಾನೊಮೀಟರಿನ ಒಂದು ಗಂಟು, 10 ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳಷ್ಟು ಬೆಳಕು ಚದುರಿಸುತ್ತದೆ! ಸಣ್ಣವು ಇದ್ದರೂ ಕಾಣುವುದಿಲ್ಲ. ಆದ್ದರಿಂದ ಡಿಎಲ್‌ಎಸ್ ಅಂಕಿಯೊಂದನ್ನೇ ನಂಬಿ ನ್ಯಾನೊ ಇಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ.

ರವೆ ಕಾಣಬೇಕಾದರೆ ಟಿಇಎಂ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಪವಾಯಿ ಐಐಟಿಯ ಸೈಫ್ ಅನ್ನುವ ಉಪಕರಣ ಕೇಂದ್ರದಲ್ಲಿ ಶುಲ್ಕ ಕಟ್ಟಿದರೆ ಹೊರಗಿನವರ ಸ್ಯಾಂಪಲ್ಲನ್ನೂ ನೋಡಿಕೊಡುತ್ತಾರೆ. ಮಾಟುಂಗಾದಿಂದ ಅದರ ಹತ್ತಿರದ ಕಾಂಜೂರ್‌ಮಾರ್ಗ್ ಸ್ಟೇಷನ್‌ಗೆ ಸ್ಲೋ ಲೋಕಲ್ ಇದೆ. ನಾನು ಪುಟ್ಟ ಸೀಸೆಯನ್ನು ತಿಂಡಿ ಡಬ್ಬಿಯಲ್ಲಿಟ್ಟುಕೊಂಡು ಹೋಗಿದ್ದೆ, ಇಳಿದು ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಬಿಳಿ ಗಷ್ಟು. ಹಾಗಾಗಿ ಹನಿಯನ್ನು ತಾಮ್ರದ ಗ್ರಿಡ್ (ಸೂಕ್ಷ್ಮದರ್ಶಕದೊಳಗೆ ಇಡುವ ಪುಟ್ಟ ಜಾಲರಿ) ಮೇಲೆ ಬಿಡುವ ಮುಂಚೆ ಅಲ್ಲೇ ಇನ್ನೊಮ್ಮೆ ಸೋನಿಕೇಟ್ ಮಾಡಿಸಿ. ಗ್ರಿಡ್ ಒಣಗುವಾಗಲೂ ಕಣಗಳು ಒಟ್ಟಾಗುತ್ತವೆ. ಪರವಾಗಿಲ್ಲ, ಗುಂಪಿನೊಳಗಿನ ಒಂದೊಂದು ಕಣದ ಅಂಚು ಹಿಡಿದು ಅಳೆಯಿರಿ. ಯುರೋಪಿನ ವ್ಯಾಖ್ಯೆ ಕೇಳುವುದೂ ಅದನ್ನೇ: ಎಣಿಕೆಯಲ್ಲಿ 50 ಶೇಕಡಾ ಅಥವಾ ಜಾಸ್ತಿ ಕಣಗಳು 1ರಿಂದ 100 ನ್ಯಾನೊಮೀಟರ್ ಒಳಗಿದ್ದರೆ ನ್ಯಾನೊ. ಗಂಟಿನಲ್ಲಿ ಸಿಕ್ಕಿಕೊಂಡ ರವೆಯೂ ಲೆಕ್ಕಕ್ಕುಂಟು. ಹತ್ತಿಪ್ಪತ್ತು ಕಣ ಸಾಲದು, ಕೆಲವು ನೂರಾದರೂ ಎಣಿಸಬೇಕು. ಬೇಜಾರಿನ ಕೆಲಸ, ಕಣ್ಣು ಉರಿಯುತ್ತದೆ.

ಉಳಿದ ಪುಡಿಯನ್ನು ಎಕ್ಸ್‌ರೇ ಡಿಫ್ರಾಕ್ಷನ್‌ಗೆ ಕೊಡಿ, ಹರಳು ಯಾವ ಬಗೆಯದು ಅಂತ ಅದು ಹೇಳುತ್ತದೆ. ತಾಮ್ರದ ಎಕ್ಸ್‌ರೇಯಲ್ಲಿ ಗ್ರಾಫಿನ 25.3 ಡಿಗ್ರಿ ಹತ್ತಿರ ಶಿಖರ ಬಂದರೆ ಅನಟೇಸ್, 27.4ರಲ್ಲಿ ಬಂದರೆ ರೂಟೈಲ್. ಎರಡೂ ಟೈಟಾನಿಯಂ ಡೈಆಕ್ಸೈಡೇ, ಆದರೆ ಬಿಸಿಲು ಬಿದ್ದರೆ ಅನಟೇಸ್ ಜಾಸ್ತಿ ಕೆರಳಿ ಸುತ್ತಲಿನ ವಸ್ತುಗಳ ಜೊತೆ ರಾಸಾಯನಿಕ ಕ್ರಿಯೆಗೆ ಇಳಿಯುತ್ತದೆ. ಆ ಕಿತಾಪತಿ ತಡೆಯಲೆಂದೇ ಕಣಕ್ಕೆ ಅಲ್ಯೂಮಿನಾ, ಸಿಲಿಕಾ ಲೇಪ ಕೊಡುವುದು.

ಜೇಬಿನಲ್ಲಿ ಒಂದೇ ಪರೀಕ್ಷೆಗೆ ದುಡ್ಡಿದ್ದರೆ ಟಿಇಎಂ ಮಾಡಿಸಿ. ಸುಮ್ನೆ ಸರಾಸರಿ ಅಂಕಿ ತಗೊಂಡು ಬರಬೇಡಿ. ಅಳತೆಪಟ್ಟಿ ಇರುವ ಚಿತ್ರಗಳು, ಎಷ್ಟು ಕಣ ಎಣಿಸಿದರು, ಸ್ಯಾಂಪಲ್ ಹೇಗೆ ತಯಾರಿಸಿದರು, ಮೂರನ್ನೂ ಕೇಳಿ ಬರೆಸಿಕೊಳ್ಳಿ.