ಕಾಸರಗೋಡಿಗೆ ಹೊಸದಾಗಿ ಬಂದಿದ್ದೀರಾ? ಫೋನಿಗಿಂತ ಮೊದಲು ಸಿಗ್ನಲ್ ನೋಡಿ

ಕನ್ನಡ ಶಾಲೆಗೆ ಟೀಚರಾಗಿ ಬರುವವರು, ಬ್ಯಾಂಕಿಗೆ ವರ್ಗವಾಗಿ ಬರುವವರು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಓದಲು ಬರುವ ಮಕ್ಕಳು, ಪುತ್ತೂರು, ಸುಳ್ಯದ ಕಡೆಯಿಂದ ಮದುವೆಯಾಗಿ ಬರುವ ಹೆಣ್ಣುಮಕ್ಕಳು. ಇವರಲ್ಲಿ ಹೆಚ್ಚಿನವರು ಮೊದಲ ವಾರವೇ ಕೇಳುವುದು, "ಮನೆಯೊಳಗೆ ಸಿಗ್ನಲ್ಲೇ ಇಲ್ಲ, ಹೊಸ ಫೋನ್ ತಗೊಳ್ಲಾ?" ಸ್ವಲ್ಪ ತಡೆಯಿರಿ. ದುಡ್ಡು ಸುಮ್ನೆ ಹೋಗಬಾರದು.

ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿ ಬದಿಯಲ್ಲಿ ತೊಂದರೆ ಕಮ್ಮಿ. ಅಡೂರು, ಬಾಯಾರು, ಪೆರ್ಲದ ಒಳಭಾಗಗಳ ಕಥೆ ಬೇರೆ. ಎಷ್ಟೋ ಮನೆಗಳು ಗುಡ್ಡದ ಬುಡದಲ್ಲಿ, ಅಡಿಕೆ ತೋಟದ ಪಕ್ಕದಲ್ಲಿವೆ. ಟವರ್ ಗುಡ್ಡದ ಆಚೆ ಇರುತ್ತದೆ. ಜೊತೆಗೆ ದಪ್ಪ ಕೆಂಪುಕಲ್ಲಿನ ಗೋಡೆ, ತಾರಸಿ, ಅದರ ಮೇಲೆ ತಗಡಿನ ಶೀಟು. ಎಷ್ಟು ದುಬಾರಿ ಫೋನಾದರೂ ಇಷ್ಟನ್ನೆಲ್ಲ ದಾಟಿ ಬರುವ ಸಿಗ್ನಲ್ ಬೇಕಲ್ವಾ?

ಹಾಗಾಗಿ ಮೊದಲು ಪಕ್ಕದ ಮನೆಯವರ ಹತ್ತಿರ ಯಾವ ಸಿಮ್ ಇದೆ ಎಂದು ಕೇಳಿ. ಅವರ ಫೋನನ್ನು ನಿಮ್ಮ ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ಇಟ್ಟು ನೋಡಿ. ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಸಿಮ್ ಸ್ಟೇಟಸ್‌ನಲ್ಲಿ ಡಿಬಿಎಂ ಎಂಬ ಅಂಕಿ ಇರುತ್ತದೆ, ಅದು ಸಿಗ್ನಲ್ಲಿನ ಬಲದ ಅಳತೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110ಕ್ಕಿಂತಲೂ ಕೆಳಗಿಳಿದರೆ ಸಿಗ್ನಲ್ ದುರ್ಬಲ, ಕಾಲ್ ಕಟ್ ಆಗಬಹುದು.

ನೆಟ್‌ವರ್ಕ್ ಬದಲಿಸಲು ನಂಬರ್ ಬಿಡಬೇಕಾಗಿಲ್ಲ. 2015ರ ಜುಲೈಯಿಂದ ಕರ್ನಾಟಕದ ನಂಬರನ್ನೇ ಕೇರಳದಲ್ಲಿ ಪೋರ್ಟ್ ಮಾಡಿಸಬಹುದು. 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಕಳಿಸಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು.

ಇನ್ನು ಫೋನ್. ಕೊಳ್ಳುವಾಗ ಕ್ಯಾಮೆರಾಕ್ಕಿಂತ ಮೊದಲು ಬ್ಯಾಂಡ್ ನೋಡಿ, ಅಂದರೆ ಫೋನು ಯಾವ ಯಾವ ಅಲೆಗಳನ್ನು ಹಿಡಿಯುತ್ತದೆ ಎಂದು. 700, 850, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ಗೋಡೆ ದಾಟುವುದರಲ್ಲೂ ಮುಂದು. 4ಜಿಯಲ್ಲಿ ಇವು 28, 5, 8ನೇ ಬ್ಯಾಂಡುಗಳು. ಜಿಯೋದ 850 ಐದನೇ ಬ್ಯಾಂಡ್, ಬಿಎಸ್ಎನ್ಎಲ್ 4ಜಿಯ 700 ಇಪ್ಪತ್ತೆಂಟನೆಯದು. 5ಜಿಯ 3300 ಮೆಗಾಹರ್ಟ್ಸ್ ವೇಗದ್ದೇ, ಆದರೆ ಗುಡ್ಡದ ಮರೆಯ ಮನೆಗೆ ಅದನ್ನೇ ನಂಬಿ ಕೂರಬೇಡಿ. ನಮ್ಮೂರಲ್ಲಿ ಗಲ್ಫಿನಿಂದ ತಂದ ಫೋನುಗಳು ಬಹಳ. ಬೇರೆ ದೇಶಕ್ಕೆ ಮಾಡಿದ ಮಾದರಿಯಲ್ಲಿ ಇಲ್ಲಿನ ಎಲ್ಲ ಬ್ಯಾಂಡ್ ಇರಲೇಬೇಕೆಂದಿಲ್ಲ. ಮಾಡೆಲ್ ನಂಬರ್ ಹಾಕಿ ನೋಡಿಯೇ ದುಡ್ಡು ಕೊಡಿ.

ಗಡಿಯ ಹತ್ತಿರ ಮನೆಯಿದ್ದರೆ ಇನ್ನೊಂದು ವಿಷಯ. ಕೇರಳದ ಸಿಮ್ ಕರ್ನಾಟಕದ ಟವರ್ ಹಿಡಿಯುತ್ತದೆ, ಅಲ್ಲಿಯದು ಇಲ್ಲಿಯದನ್ನು ಹಿಡಿಯುತ್ತದೆ. ಆಗ ಕೆಲವು ಫೋನುಗಳಲ್ಲಿ ನೆಟ್ ನಿಂತುಬಿಡುತ್ತದೆ. ಡೇಟಾ ರೋಮಿಂಗ್ ಆನ್ ಮಾಡಿಡಿ.

ಏನು ಮಾಡಿದರೂ ಒಳಗೆ ಸಿಗ್ನಲ್ ಇಲ್ಲವೇ? ನನ್ನ ಪ್ರಕಾರ ಅಂಥ ಮನೆಗೆ ಹೊಸ ಫೋನಿಗಿಂತ ಫೈಬರ್ ಇಂಟರ್‌ನೆಟ್ಟೇ ಒಳ್ಳೆಯದು. ವೈಫೈ ಕಾಲಿಂಗ್ ಇರುವ ಫೋನ್ ಮತ್ತು ಸಿಮ್ ಇದ್ದರೆ ಟವರ್ ಇಲ್ಲದೆಯೂ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು, ಬೇರೆ ಆ್ಯಪ್ ಬೇಡ. ವಯಸ್ಸಾದ ಅತ್ತೆ ಮಾವ ಇರುವ ಮನೆಯಲ್ಲಿ ಇದು ದೊಡ್ಡ ಧೈರ್ಯ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತಿರುತ್ತದೆ, ಆದ್ದರಿಂದ ರೂಟರಿಗೊಂದು ಚಿಕ್ಕ ಬ್ಯಾಟರಿ ಬ್ಯಾಕಪ್ ಇರಲಿ. ಸಿಡಿಲು ಬರುವಾಗ ಅದರ ಪ್ಲಗ್ ಕಿತ್ತಿಡಿ.

ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ಹಾಕಿಸಬೇಡಿ. ಅನುಮತಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಸುತ್ತಲಿನ ಮನೆಗಳ ನೆಟ್‌ವರ್ಕನ್ನೂ ಕೆಡಿಸುತ್ತದೆ. ಅದರ ಬದಲು 198ಕ್ಕೆ ದೂರು ಕೊಡಿ, ಅಕ್ಕಪಕ್ಕದವರ ಕೈಯಲ್ಲೂ ಕೊಡಿಸಿ, ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿ.