ಹಿಮ ಬಿದ್ದ ಮರುದಿನ ಯಾವ ಇಳಿಜಾರು?

ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್‌ನಿಂದ ಬರ್ಥಡ್ ಪಾಸ್ ಅನ್ನುವ ಬೆಟ್ಟದ ಘಾಟಿಗೆ ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ ಬರಬಹುದು. 40ನೇ ನಂಬರಿನ ಹೆದ್ದಾರಿ ಅಲ್ಲಿ 11,307 ಅಡಿ ಎತ್ತರಕ್ಕೆ ಏರುತ್ತದೆ. ಹಿಂದೆ ಅಲ್ಲೊಂದು ಸ್ಕೀ ರೆಸಾರ್ಟ್ ಇತ್ತು. ಈಗ ಲಿಫ್ಟೂ ಇಲ್ಲ, ಕಾವಲಿನವರೂ ಇಲ್ಲ. ಸ್ಕೀ ತಳಕ್ಕೆ ಸ್ಕಿನ್, ಅಂದರೆ ಹಿಂದಕ್ಕೆ ಜಾರದಂತೆ ತಡೆಯುವ ಪಟ್ಟಿ, ಅಂಟಿಸಿಕೊಂಡು ನಾವೇ ಹತ್ತಬೇಕು, ನಾವೇ ಇಳಿಯಬೇಕು. ರೆಸಾರ್ಟ್‌ಗಳಲ್ಲಾದರೆ ಸ್ಫೋಟಕ ಹಾಕಿ, ಕುಸಿದು ಜನರನ್ನು ಹೂಳುವಂಥ ಹಿಮವನ್ನು ಮೊದಲೇ ಬೀಳಿಸಿಬಿಡುತ್ತಾರೆ. ಬ್ಯಾಕ್‌ಕಂಟ್ರಿಯಲ್ಲಿ, ಅಂದರೆ ರೆಸಾರ್ಟ್ ಹೊರಗಿನ ಇಂಥ ಬೆಟ್ಟಗಳಲ್ಲಿ, ಹೆದ್ದಾರಿ ಮೇಲೆ ಬೀಳುವಂಥ ಜಾಗ ಬಿಟ್ಟರೆ, ಆ ಕೆಲಸ ಯಾರೂ ಮಾಡುವುದಿಲ್ಲ.

ಫೆಬ್ರವರಿಯಲ್ಲಿ ದೊಡ್ಡ ಸ್ಟಾರ್ಮ್ ಬಂದು ಹೋದ ಮೇಲೆ ನಾನೂ ಗೆಳೆಯನೂ ಅಲ್ಲಿಗೆ ಹೋದೆವು. ತೀರ್ಮಾನ ಮಾತ್ರ ಹಿಂದಿನ ಸಂಜೆ ಅಡುಗೆಮನೆಯ ಟೇಬಲ್ ಮೇಲೇ ಆಗಿತ್ತು. ಕೊಲರಾಡೊ ಅವಲಾಂಚ್ ಇನ್ಫರ್ಮೇಶನ್ ಸೆಂಟರ್‌ನ ಹಿಮಕುಸಿತದ ಮುನ್ಸೂಚನೆ 1ರಿಂದ 5ರ ಅಪಾಯದ ಅಳತೆಯಲ್ಲಿ 3 ಅಂತಿತ್ತು. ಮಧ್ಯದ ಅಂಕಿ ಅಲ್ವಾ ಅಂತ ಸಮಾಧಾನ ಪಡುವ ಹಾಗಿಲ್ಲ. ನಮ್ಮ ಭಾರಕ್ಕೇ ಹಿಮ ಕುಸಿಯುವ ಸಾಧ್ಯತೆ ಜಾಸ್ತಿ ಇದೆ ಅಂತಲೇ ಅದರರ್ಥ. 5 ಅಂದರೆ ಯಾರೂ ಹೊರಡುವುದಿಲ್ಲ. 3 ಅಂದರೆ ಹೊರಡುತ್ತಾರೆ, ಅದೇ ತೊಂದರೆ.

ಅಂಕಿಗಿಂತ ನಾನು ಗಮನ ಕೊಡುವುದು ಅದರ ಕೆಳಗಿನ ವಿವರಕ್ಕೆ: ಯಾವ ದಿಕ್ಕು, ಎಷ್ಟು ಎತ್ತರ, ಯಾವ ಬಗೆಯ ತೊಂದರೆ. ಪಶ್ಚಿಮದ ಗಾಳಿ ಹೊಸ ಹಿಮವನ್ನು ನೆತ್ತಿ ದಾಟಿಸಿ ಪೂರ್ವದ ಮಗ್ಗುಲಿಗೆ ತಂದು ಪೇರಿಸಿತ್ತು. ಉತ್ತರದ ಮಗ್ಗುಲಲ್ಲಿ ಬಿಸಿಲು ಕಾಣದ ಹಳೇ ಹಿಮ. ಮ್ಯಾಪ್ ನೋಡಿ, ಹೋಗಬಹುದಾದ ಜಾಗಗಳ ಪಟ್ಟಿಯಿಂದ ಎರಡನ್ನೂ ಅಲ್ಲೇ ಹೊಡೆದುಹಾಕಿದೆವು. ಹಲಗೆಯಂತೆ ಒಡೆದು ಜಾರುವ ಹಿಮಕುಸಿತ ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ. ಹಾಗಾಗಿ ಉಳಿದದ್ದರಲ್ಲೂ 30 ಡಿಗ್ರಿಗಿಂತ ಕಡಿಮೆ ಇರುವುದನ್ನೇ ಹುಡುಕಿದೆವು. ಈಗಿನ ಮ್ಯಾಪ್‌ಗಳಲ್ಲಿ ಕಡಿದಾದ ಜಾಗಕ್ಕೆ ಬಣ್ಣ ಹಚ್ಚಿರುತ್ತಾರೆ, ಕೆಲಸ ಸುಲಭ.

ಬೆಳಗ್ಗೆ ಕಾರ್ ಪಕ್ಕದಲ್ಲೇ ಬೀಕನ್ ಪರೀಕ್ಷೆ. ಹಿಮದಡಿ ಹೂತವರನ್ನು ಪತ್ತೆ ಹಚ್ಚಲು ಮೈಮೇಲೆ ಕಟ್ಟಿಕೊಳ್ಳುವ ರೇಡಿಯೊ ಸಾಧನ ಅದು. ಒಬ್ಬರು ಹಾದುಹೋಗಬೇಕು, ಇನ್ನೊಬ್ಬರ ಬೀಕನ್ ಸಿಗ್ನಲ್ ಹಿಡಿಯಬೇಕು. ಫೋನ್ ಅದರಿಂದ ದೂರ, ಬೇರೆ ಜೇಬಿನಲ್ಲಿ. ಬ್ಯಾಗಿನಲ್ಲಿ ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದದ ಕೋಲು) ಮತ್ತು ಸಲಿಕೆ. ಹಿಮದಡಿ ಹೂತವರನ್ನು ಮೊದಲ ಹತ್ತು ನಿಮಿಷದಲ್ಲಿ ಅಗೆದು ತೆಗೆದರೆ ಬದುಕುವವರೇ ಜಾಸ್ತಿ, ಆಮೇಲೆ ಆ ಲೆಕ್ಕ ಸರ್ರನೆ ಇಳಿಯುತ್ತದೆ. ಹೊರಗಿನ ಸಹಾಯ ಅಷ್ಟರಲ್ಲಿ ಬರುವುದಿಲ್ಲ. ಜೊತೆಗಾರನೇ ಅಗೆಯಬೇಕು.

ಮರಗಳ ನಡುವೆ, ಮೇಲೆ ಯಾವ ಕಡಿದಾದ ಇಳಿಜಾರೂ ಇಲ್ಲದ ಕಡೆ, ಉತ್ತರಕ್ಕೆ ಮುಖ ಮಾಡಿದ ಸಣ್ಣ ದಿಬ್ಬ ಸಿಕ್ಕಿತು. ಉತ್ತರದ ಹಿಮದ ಪದರಗಳು ಹೇಗಿವೆ ನೋಡೋಣ ಅಂತ ಅಲ್ಲಿ ನೆಲದವರೆಗೆ ಗುಂಡಿ ತೋಡಿದೆವು. ಮೇಲೆ ಗಟ್ಟಿ ಪದರ, ತಳದಲ್ಲಿ ದಪ್ಪ ಕಾಳಿನ ಹಿಮ. ಕೈಯಲ್ಲಿ ಹಿಡಿದು ಒತ್ತಿದರೆ, ತುಪ್ಪ ಸಾಲದ ರವೆ ಉಂಡೆಯ ಹಾಗೆ ಉದುರಿಹೋಯಿತು. ಕೊಲರಾಡೊದ ಹಿಮ ತೆಳು, ಚಳಿ ತೀವ್ರ. ನೆಲದ ಬಿಸುಪಿಗೂ ಮೇಲಿನ ಚಳಿಗೂ ಇರುವ ಅಂತರದಲ್ಲಿ ತಳದ ಹಿಮ ಹೀಗೆ ಬಿಡಿಬಿಡಿ ಹರಳಾಗುತ್ತದೆ. ಒಮ್ಮೆ ಹೀಗಾದರೆ ವಾರಗಟ್ಟಲೆ, ಕೆಲವೊಮ್ಮೆ ಇಡೀ ಚಳಿಗಾಲ ಹಾಗೇ ಇರುತ್ತದೆ. ಸ್ಟಾರ್ಮ್ ಆಗಿ ಎರಡು ದಿನ ಕಾದರೆ ಸಾಕು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮೇಲಿನ ಪದರ ಜಾರುತ್ತದಾ ನೋಡಲು ಗುಂಡಿಯ ಗೋಡೆಯಲ್ಲಿ 90 ಸೆಂಟಿಮೀಟರ್ ಅಗಲ, ಹಿಂದಕ್ಕೆ 30 ಸೆಂಟಿಮೀಟರ್ ಇರುವ ಹಿಮದ ಕಂಬ ಬಿಡಿಸಿ, ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟಿದೆ. ಮಣಿಕಟ್ಟಿನಿಂದ ಹತ್ತು ಏಟು, ಏನೂ ಆಗಲಿಲ್ಲ. ಆಮೇಲೆ ಮೊಣಕೈಯಿಂದ. ಮೂರನೇ ಏಟಿಗೆ ಬಿರುಕು ಈ ತುದಿಯಿಂದ ಆ ತುದಿಗೆ ಓಡಿ, ಮೇಲಿನ ಗಟ್ಟಿ ಹಿಮವೆಲ್ಲ ಒಟ್ಟಿಗೆ ಜಾರಿ ನನ್ನ ಮೊಣಕಾಲಿಗೆ ಬಂತು.

"ಜಾರದೇ ಇದ್ದಿದ್ದರೆ ಉತ್ತರದ ಕಡೆ ಹೋಗಬಹುದಿತ್ತೇನೋ?" ಅಂದ ಗೆಳೆಯ.

"ಇಲ್ಲ ಮಾರಾಯ" ಅಂದೆ. ಒಂದು ಗುಂಡಿ ಹೇಳುವುದು ಆ ಒಂದು ಜಾಗದ ಕತೆ, ಅಷ್ಟೇ. ಸಂಜೆ ಹೊಡೆದುಹಾಕಿದ್ದು ಮರುದಿನ ಬೆಟ್ಟದಲ್ಲಿ ವಾಪಸ್ ಪಟ್ಟಿಗೆ ಬರುವುದಿಲ್ಲ. ಪಟ್ಟಿ ಇನ್ನೂ ಚಿಕ್ಕದಾಗಬಹುದು, ದೊಡ್ಡದಾಗುವಂತಿಲ್ಲ. ನೀಲಿ ಆಕಾಶ, ಮುಟ್ಟದ ಹಿಮ, ಎದುರಿನ ಇಳಿಜಾರಿನಲ್ಲಿ ಯಾರೋ ಇಳಿದ ಗುರುತು, ಇಷ್ಟು ಕಣ್ಣೆದುರಿಗಿದ್ದಾಗ ಬುದ್ಧಿ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಇಳಿಜಾರು ಮೆತ್ತಗಿದ್ದರೆ ಮುಗಿಯಿತು ಅಂತಲೂ ಅಲ್ಲ. ಮೇಲೆ ಏನು ತೂಗುತ್ತಿದೆ ನೋಡಬೇಕು. 2013ರ ಏಪ್ರಿಲ್ 20ರಂದು ಲವ್‌ಲ್ಯಾಂಡ್ ಪಾಸ್ ಹತ್ತಿರದ ಶೀಪ್ ಕ್ರೀಕ್‌ನಲ್ಲಿ ಐವರು ಸತ್ತರು. ಅವರಿದ್ದದ್ದು ಇಳಿಜಾರಿನ ಬುಡದಲ್ಲಿ, ಕುಸಿದದ್ದು ಮೇಲಿನಿಂದ. ಹಾಗೆ ಮೇಲಿನಿಂದ ಹಿಮ ಕುಸಿದು ಬರುವ ದಾರಿಗಳಿಗೆ ನಾನು ಮ್ಯಾಪ್‌ನಲ್ಲಿ ಬೇರೆಯೇ ಗೆರೆ ಹಾಕಿರುತ್ತೇನೆ.

ಕೊನೆಗೆ ಮರಗಳ ನಡುವಿನ 25 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಇಳಿದೆವು. ಒಬ್ಬ ಇಳಿಯುವಾಗ ಇನ್ನೊಬ್ಬ ಕಣ್ಣು ಕೀಳದೆ ನೋಡುತ್ತಿದ್ದ. ಹಿಮ ಮೊಣಕಾಲುದ್ದ, ಹಗುರ. ಮಜಾ ಏನೂ ಕಡಿಮೆಯಾಗಲಿಲ್ಲ. ಮನೆಗೆ ಬಂದು ಗುಂಡಿಯ ಫೋಟೋ, ಬಿರುಕು ಓಡಿದ ಏಟಿನ ಸಂಖ್ಯೆ, ದಿಬ್ಬದ ದಿಕ್ಕು, ಎತ್ತರ ಎಲ್ಲ ಬರೆದು ಅವಲಾಂಚ್ ಸೆಂಟರ್‌ಗೆ ಕಳಿಸಿದೆ. ಮುನ್ಸೂಚನೆ ಬರೆಯುವವರು ನಮ್ಮಂಥವರು ಕಳಿಸುವ ವರದಿಗಳನ್ನೂ ನೋಡುತ್ತಾರೆ.