ರಾತ್ರಿ ಎರಡೂವರೆಗೆ ನಿಲ್ಲುತ್ತಿದ್ದ ಮೆಷಿನ್

ನಾನು ಮೈಸೂರಿನಲ್ಲಿ ಸ್ಲೀಪ್ ಲ್ಯಾಬ್ ಟೆಕ್ನಿಷಿಯನ್. ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ ಇರುವವರಿಗೆ ಸಿಪ್ಯಾಪ್ ಮೆಷಿನ್ ಹೊಂದಿಸಿ ಕೊಡುತ್ತೇನೆ. ಅದು ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿನ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಮೊದಲೆಲ್ಲ ಮೆಷಿನ್ ಕೊಟ್ಟು, ತಿಂಗಳು ಬಿಟ್ಟು ಬನ್ನಿ ಅನ್ನುತ್ತಿದ್ದೆವು. ಅಷ್ಟರಲ್ಲಿ ಎಷ್ಟೋ ಮೆಷಿನ್ ಅಟ್ಟ ಸೇರಿರುತ್ತಿದ್ದವು.

ಈಗ ಹಲವು ಮೆಷಿನ್‌ಗಳ ಒಳಗೇ ಸಿಮ್ ಇರುತ್ತದೆ. ಎಷ್ಟು ಗಂಟೆ ಹಾಕಿದರು, ಮಾಸ್ಕ್ ಎಷ್ಟು ಸೋರಿತು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ಎಲ್ಲ ಬೆಳಿಗ್ಗೆ ನನಗೆ ಕಾಣುತ್ತದೆ. ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯುತ್ತೇನೆ. ಕದ್ದು ನೋಡಿದ ಹಾಗಾಗಬಾರದು, ಅಲ್ವಾ? ಕೊಡಗಿನ ತೋಟದ ಮನೆಗಳಲ್ಲಿ ಕೆಲವು ಕಡೆ ನೆಟ್‌ವರ್ಕ್ ಇರಲ್ಲ. ಅವರು ಮೆಮೊರಿ ಕಾರ್ಡ್ ತಂದು ಕೊಡುತ್ತಾರೆ.

ಮೊದಲ ವಾರ ದಿನಾ ನೋಡುತ್ತೇನೆ. ಸೋರಿಕೆ ಜಾಸ್ತಿ ಇದ್ದರೆ ಮೊದಲು ಕೇಳುವುದು ಮೀಸೆಯ ಬಗ್ಗೆ. ದಪ್ಪ ಮೀಸೆಯ ಮೇಲೆ ಮೂಗಿನ ಮಾಸ್ಕ್ ಸರಿಯಾಗಿ ಕೂರುವುದಿಲ್ಲ.

ನಿವೃತ್ತ ಮೇಷ್ಟ್ರೊಬ್ಬರಿಗೆ ಪರೀಕ್ಷೆಯಲ್ಲಿ ಗಂಟೆಗೆ 42 ಸಲ ಉಸಿರಿಗೆ ತಡೆ ಬಂದಿತ್ತು. 30 ದಾಟಿದರೇ ತೀವ್ರ. ಅವರ ಬಳಕೆ ದಿನಾ ನಾಲ್ಕು ಗಂಟೆಯ ಮೇಲೆ ಸ್ವಲ್ಪ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಲೆಕ್ಕದಲ್ಲಿ 70% ರಾತ್ರಿ ನಾಲ್ಕು ಗಂಟೆ ಹಾಕಿದರೆ ಪಾಸು. ನನಗೆ ಸಮಾಧಾನವಾಗಲಿಲ್ಲ. ಮೆಷಿನ್ ಓಡಿದ ಹೊತ್ತನ್ನು ತೋರಿಸುವ ಗೆರೆ ಪ್ರತಿ ರಾತ್ರಿ ಎರಡೂವರೆಗೇ ನಿಲ್ಲುತ್ತಿತ್ತು. ಕನಸಿನ ನಿದ್ದೆ ಜಾಸ್ತಿ ಬರುವುದು ಬೆಳಗಿನ ಜಾವ. ಅನೇಕರಿಗೆ ಉಸಿರು ಹೆಚ್ಚು ಕಟ್ಟುವುದೂ ಆಗಲೇ.

ಫೋನ್ ಮಾಡಿದೆ. "ಸಾರ್, ಎರಡೂವರೆಗೆ ಏನಾಗುತ್ತೆ?"

"ಬಾತ್‌ರೂಮಿಗೆ ಏಳ್ತೀನಮ್ಮ."

"ಬಂದು ಮತ್ತೆ ಹಾಕ್ಕೊಳ್ಳಲ್ವಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಕತ್ತಲಲ್ಲಿ ಪಟ್ಟಿ ಸಿಗಲ್ಲ. ಲೈಟ್ ಹಾಕಿದ್ರೆ ನಮ್ಮನೆಯವ್ರು ಎದ್ದುಬಿಡ್ತಾರೆ. ಪಾಪ, ಅವರಿಗೆ ನಿದ್ದೆ ಬರೋದೇ ಕಷ್ಟ."

ಮಾಸ್ಕ್ ಕಳಚುವುದೇ ಬೇಡ, ಮೂಗಿನ ಮುಂದೆ ಪೈಪ್ ಮಾತ್ರ ಬಿಡಿಸಿ ಹೋಗಿಬನ್ನಿ ಅಂದೆ. ಇದನ್ನು ಮೆಷಿನ್ ಕೊಟ್ಟ ದಿನವೇ ತೋರಿಸಬೇಕಿತ್ತು, ತಪ್ಪು ನನ್ನದು. ವಿಡಿಯೋ ಕಾಲ್‌ನಲ್ಲಿ ಕಣ್ಣು ಮುಚ್ಚಿಕೊಂಡು ಮೂರು ಸಲ ಬಿಡಿಸಿ ಸಿಕ್ಕಿಸಿದರು. ಪೈಪ್ 'ಟಕ್' ಅಂತ ಕೂತದ್ದು ನನಗೂ ಕೇಳಿಸಿತು.

ಮಾರನೇ ದಿನ ಎರಡೂವರೆ ಹತ್ತಿರ ಆರು ನಿಮಿಷ ಖಾಲಿ. ಆಮೇಲೆ ಗೆರೆ ಐದೂವರೆ ತನಕ.

ಉಸಿರು ಕಟ್ಟಿದಾಗ ಹೃದಯದ ಮೇಲೆ ಎಳೆತ ಬಿದ್ದು ಮೂತ್ರವೂ ಜಾಸ್ತಿಯಾಗುತ್ತದೆ. ಉಸಿರು ಸರಿಹೋದರೆ ಅದೂ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಮೇಷ್ಟ್ರ ಗೆರೆಯಲ್ಲಿ ಮೂರನೇ ವಾರದ ಹೊತ್ತಿಗೆ ಆ ಆರು ನಿಮಿಷದ ಖಾಲಿಯೂ ಹೆಚ್ಚಿನ ರಾತ್ರಿ ಇರಲಿಲ್ಲ.